ಅಜ್ಜಿ ಮೊದಲು ಕೂತ ಕುರ್ಚಿ

ಲವಂಗದ ಎಣ್ಣೆಯ ವಾಸನೆ ನಿಮಗೆ ಹೇಗೋ ಏನೋ, ನನಗಂತೂ ಅದು ಮೂಗಿಗೆ ಬಡಿದರೆ ಅಲ್ಲಿಂದ ಎದ್ದು ಹೋಗಬೇಕು ಅನ್ನಿಸುತ್ತದೆ. ಮೊನ್ನೆ ಮಗಳನ್ನು ಮೊದಲ ಸಲ ಹಲ್ಲಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದೆ. ಈಗಿನ ಕ್ಲಿನಿಕ್ಕು ಕೇಳಬೇಕೆ, ಗೋಡೆ ತುಂಬ ಮೊಲ, ಆನೆ, ಕೈಗೊಂದು ಬಲೂನು. ಮಹಾರಾಯತಿ ಆರಾಮಾಗಿ ಬಾಯಿ ತೆರೆದು ಕೂತಳು. ಒಳಗೆ ಯಾವುದೋ ಸೀಸೆಯ ಮುಚ್ಚಳ ತೆಗೆದರು ಅಂತ ಕಾಣುತ್ತೆ, ಆ ವಾಸನೆ ಬಂತು ನೋಡಿ, ನಾನು ತಳಕು ಊರಿನ ನಮ್ಮ ಮನೆಯ ಪಡಸಾಲೆಗೆ ಹೋಗಿಬಿಟ್ಟಿದ್ದೆ. ನಿಮಗೂ ಅಂಥದೊಂದು ಮನೆ ಇದ್ದಿರಬೇಕು, ಈಗ ಇಲ್ಲದೆಯೂ ಇರಬೇಕು.

ನಮ್ಮದು ಮಣ್ಣಿನ ಮಾಳಿಗೆ ಮನೆ. ಶೇಂಗಾ ವ್ಯಾಪಾರ. ಪಡಸಾಲೆಯಲ್ಲಿ ಅಟ್ಟಿ ಕಟ್ಟಿದ ಚೀಲಗಳು, ಕಾಯಿಗೆ ಅಂಟಿದ ಮಣ್ಣಿನ ವಾಸನೆ, ಅದರ ಜತೆಗೆ ಅಜ್ಜಿಯ ಎಲೆ ಅಡಿಕೆಯ ಘಮ. ಅಜ್ಜಿ ಅಂದರೆ ಅಪ್ಪನ ತಾಯಿ. ತಾತ ತೀರಿಕೊಂಡ ಮೇಲೆ ಮನೆಯ ಯಜಮಾನಿಕೆಯೆಲ್ಲ ಅವಳದೇ. ಹಣೆ ತುಂಬ ವಿಭೂತಿ, ಸೊಂಟದಲ್ಲಿ ಎಲೆ ಅಡಿಕೆ ಸಂಚಿ, ಎಡಗೆನ್ನೆಯೊಳಗೆ ಸುಣ್ಣ ಹಚ್ಚಿದ ಹೊಗೆಸೊಪ್ಪು. ಮನೆಯಲ್ಲಿ ಯಾರಿಗೆ ಜ್ವರ ಬರಲಿ, ಯಾರ ಕೈಕಾಲು ಉಳುಕಲಿ, ಚಳ್ಳಕೆರೆ ಬಸ್ಸು ಹತ್ತಿಸಿ ಆಸ್ಪತ್ರೆಗೆ ಕರೆದುಕೊಂಡು ಹೋಗುವವಳು ಅವಳೇ. ಅಪ್ಪ, ಚಿಕ್ಕಪ್ಪ ಎಲ್ಲ ಮೀಸೆ ಹೊತ್ತ ಗಂಡಸರೇ, ಆದರೆ ಇಂಜೆಕ್ಷನ್ ಅಂದರೆ ಅವರೂ ಅವಳ ಹಿಂದೆಯೇ ಹೋಗುತ್ತಿದ್ದರು.

ನನಗಾಗ ಎಂಟು ವರ್ಷ, ತಮ್ಮ ಬಸುವನಿಗೆ ಐದು. ಶೇಂಗಾ ಬೆಲ್ಲ ತಿಂದೂ ತಿಂದೂ ಅವನ ದವಡೆ ಹಲ್ಲು ಹುಳುಕಾಗಿ ಕೆನ್ನೆ ಬನ್ನಿನ ಹಾಗೆ ಊದಿಕೊಂಡಿತ್ತು. "ಹಾಲಲ್ಲು, ತಾನೇ ಬೀಳ್ತೈತೆ" ಅಂತ ಅಜ್ಜಿ ಲವಂಗದೆಣ್ಣೆಯಲ್ಲಿ ಹತ್ತಿ ಅದ್ದಿ ಇಟ್ಟಳು. ಅವನು ಇಡೀ ರಾತ್ರಿ ಅತ್ತ. ಬೆಳಿಗ್ಗೆ ಇಬ್ಬರನ್ನೂ ಬಸ್ಸು ಹತ್ತಿಸಿದಳು. ಚಳ್ಳಕೆರೆಯ ಹಲ್ಲಿನ ಡಾಕ್ಟರ ಕುರ್ಚಿ ನೋಡಿದ್ದೇ ತಡ, ಬಸುವ ಅವಳ ಸೆರಗು ಬಿಡಲೊಲ್ಲ. ಡಾಕ್ಟರು ರಮಿಸಿದರು, ಗದರಿದರು, ಊಹೂಂ. ಅಜ್ಜಿ ಹೊರಗೆ ಹೋಗಿ ಹೊಗೆಸೊಪ್ಪು ಉಗಿದು, ಬಾಯಿ ಮುಕ್ಕಳಿಸಿ ಬಂದಳು. "ನೋಡ್ಲೇ, ನಾನು ಕೂತ್ಕಂತೀನಿ. ನನ್ನೇನಾರ ತಿಂದುಬಿಡ್ತಾರಾ?" ಅಂತ ತಾನೇ ಕುರ್ಚಿ ಹತ್ತಿ ಆ ಅಂತ ಬಾಯಿ ತೆರೆದಳು. ಬಸುವನಿಗೂ ನಗು ಬಂತು.

ಡಾಕ್ಟರೂ ನಗುತ್ತಲೇ ಬಗ್ಗಿದರು. ಆಮೇಲೆ ನಗಲಿಲ್ಲ. ಲೈಟು ಹತ್ತಿರಕ್ಕೆ ಎಳೆದು, ಎಡಗೆನ್ನೆಯನ್ನು ಹಿಗ್ಗಿಸಿ ನೋಡಿದರು. ಈ ಹುಣ್ಣು ಎಷ್ಟು ದಿನದ್ದು ಅಂತ ಕೇಳಿದರು.

"ಸುಣ್ಣ ಸುಟ್ಟೈತೆ ಬಿಡ್ರಿ. ತುಪ್ಪ ಹಚ್ಚಿದ್ರೆ ಹೋಗ್ತೈತೆ" ಅಂದಳು ಅಜ್ಜಿ. ಎಲೆ ಹಾಕುವವರ ಬಾಯಿ ಸುಣ್ಣಕ್ಕೆ ಸುಡುವುದು ನಮ್ಮ ಕಡೆ ಹೊಸದಲ್ಲ. ಅದಕ್ಕೆಂದು ಯಾರೂ ಆಸ್ಪತ್ರೆಗೆ ಹೋಗುವುದಿಲ್ಲ.

ಇದು ಸುಣ್ಣದ್ದಲ್ಲ, ದಾವಣಗೆರೆಯ ದೊಡ್ಡಾಸ್ಪತ್ರೆಯಲ್ಲಿ ಬೇಗ ತೋರಿಸಬೇಕು ಅಂದರು ಡಾಕ್ಟರು. "ಮನೆಯಲ್ಲಿ ದೊಡ್ಡೋರು ಯಾರನ್ನಾದ್ರೂ ಕರ್ಕೊಂಡು ಬನ್ನಿ, ಅವರಿಗೆ ಹೇಳ್ತೀನಿ."

"ಮನೆಗೆ ದೊಡ್ಡೋಳು ನಾನೇ ಕಣ್ರಿ. ಮೊದ್ಲು ಹುಡುಗುಂದು ನೋಡ್ರಿ."

ಬಸುವ ಅವಳು ಕೂತ ಹಾಗೆಯೇ ಕೂತು ಹಲ್ಲು ಕೀಳಿಸಿಕೊಂಡ. ಮನೆಗೆ ಬಂದ ಮೇಲೆ ಅಜ್ಜಿ ಆ ಹಲ್ಲನ್ನು ಸಗಣಿ ಉಂಡೆಯಲ್ಲಿಟ್ಟು ಮಾಳಿಗೆ ಮೇಲೆ ಎಸೆಸಿದಳು. ರಾತ್ರಿ ಊಟಕ್ಕೆ ಕೂತಾಗ ಅವನ ಧೈರ್ಯದ ಕತೆಯನ್ನು ಬಣ್ಣ ಕಟ್ಟಿ ಹೇಳಿದಳು. ತನ್ನದು ಹೇಳಲಿಲ್ಲ. ಬೆರಳಿನಿಂದ ತುಪ್ಪ ಹಚ್ಚಿಕೊಂಡು ಮಲಗಿದಳು, ಮರುದಿನವೂ ಹಚ್ಚಿಕೊಂಡಳು.

ಮುಂಗಾರು ಬಿತ್ತನೆಯ ಹೊತ್ತಿಗೆ ಅವಳಿಗೆ ತುತ್ತು ಇಡುವಷ್ಟೂ ಬಾಯಿ ತೆರೆಯಲು ಬರಲಿಲ್ಲ. ಆಗ ಅಪ್ಪ ದಾವಣಗೆರೆಗೆ ಕರೆದುಕೊಂಡು ಹೋದರು. ಇಷ್ಟು ದಿನ ಏನು ಮಾಡುತ್ತಿದ್ದಿರಿ ಅಂತ ಅಲ್ಲಿ ಬೈಸಿಕೊಂಡು ಬಂದರು. ಅಮ್ಮ ರಾಗಿ ಗಂಜಿಯನ್ನು ಬಟ್ಟೆಯಲ್ಲಿ ಸೋಸಿ ಹನಿ ಹನಿ ಬಿಡುತ್ತಿದ್ದಳು. ಅದೂ ಇಳಿಯುತ್ತಿರಲಿಲ್ಲ. ಅಷ್ಟು ಮಾತಾಡುತ್ತಿದ್ದ ಅಜ್ಜಿ ಕೈಸನ್ನೆಯಲ್ಲೇ ನಮ್ಮನ್ನು ಹತ್ತಿರ ಕರೆದು ತಲೆ ನೇವರಿಸುತ್ತಿದ್ದಳು. ದೀಪಾವಳಿಗೆ ಮುಂಚೆಯೇ ಹೋಗಿಬಿಟ್ಟಳು. ಅವಳಿಲ್ಲದ ಮೇಲೆ ಮನೆಯೂ ನಿಲ್ಲಲಿಲ್ಲ. ಪಾಲಾಯಿತು, ಮಾಳಿಗೆ ಕೆಡವಿದರು, ಈಗ ಅಲ್ಲಿ ಅಂಗಡಿ ಮಳಿಗೆಗಳಿವೆ.

ಅವಳನ್ನು ಮಣ್ಣು ಮಾಡಿ ಬಂದ ಸಂಜೆ ಅಪ್ಪ ಶೇಂಗಾ ಚೀಲಕ್ಕೆ ಒರಗಿ ಕೂತಿದ್ದರು. ಅಮ್ಮ ಟೀ ತಂದಿಟ್ಟಳು, ಆರಿಹೋಯಿತು. ಅಪ್ಪ ಅತ್ತದ್ದನ್ನು ನಾನು ಕಂಡದ್ದು ಅದೇ ಮೊದಲು. "ನಮ್ಗೆಲ್ಲ ಅವ್ವ ಇದ್ಲು" ಅಂದರು. "ಅವ್ವುಂಗೆ ಯಾರಿದ್ರು?"