ಜಗಳ ನಿಲ್ಲಿಸಿದ ಜಸುಬೆನ್

ಸೂರತ್‌ನ ಕತಾರ್‌ಗಾಮ್‌ನಲ್ಲಿ, ವಜ್ರ ಉಜ್ಜುವ ಕಾರ್ಖಾನೆಗಳ ಹಿಂದಿನ ಓಣಿಯ ವಠಾರವೊಂದರಲ್ಲಿ ವಿಂಧ್ಯಾ ಬಾಡಿಗೆಗಿದ್ದಾಳೆ. ಕುಂದಾಪುರದ ಕಡೆಯವಳು. ಹುಟ್ಟಿದಾಗ ಮನೆಯವರು ಗಂಡು ಎಂದು ಸಕ್ಕರೆ ಹಂಚಿದ್ದರಂತೆ. ಆ ತಪ್ಪನ್ನು ಅವಳು ದೊಡ್ಡವಳಾದ ಮೇಲೆ ತಾನೇ ತಿದ್ದಿಕೊಂಡು, ಹೆಣ್ಣಾಗಿ ಊರು ಬಿಟ್ಟು ಇಲ್ಲಿಗೆ ಬಂದಳು. ಹರಿಪ್ರಸಾದರ ಉಡುಪಿ ಹೋಟೆಲಿನ ಅಡುಗೆಮನೆಯಲ್ಲಿ ಹಿಟ್ಟು, ಚಟ್ನಿಯ ಉಸ್ತುವಾರಿ ಅವಳದೇ.

ವಠಾರದಲ್ಲಿ ಅವಳಿಗೊಂದು ಖಾಯಂ ಜಗಳವಿತ್ತು, ಎದುರುಮನೆಯ ಜಸುಬೆನ್ ಜೊತೆ. ಯಾರ ಕಸ ಯಾರ ಬಾಗಿಲಿಗೆ ಬಂತು, ಯಾರ ಚಪ್ಪಲಿ ದಾರಿಗೆ ಅಡ್ಡವಾಯಿತು ಎಂದು ಬೆಳಿಗ್ಗೆ ಚಹಾಕ್ಕೆ ಮೊದಲು ಒಂದು ಸುತ್ತು ಆಗದಿದ್ದರೆ ಇಬ್ಬರಿಗೂ ದಿನ ಸರಿಹೋಗುತ್ತಿರಲಿಲ್ಲ. ವಿಂಧ್ಯಾಳ ವಿಷಯ ಗೊತ್ತಿದ್ದವರಿಗೆ ಗೊತ್ತಿತ್ತು, ಉಳಿದವರು ಕೇಳುವ ಗೋಜಿಗೆ ಹೋಗಿರಲಿಲ್ಲ. ಜಸುಬೆನ್ ಪಾಲಿಗಂತೂ ಅವಳು ಬಾಯಿ ಜೋರಿನ ಹೆಂಗಸು, ಅಷ್ಟೆ.

ಅಷ್ಟರಲ್ಲಿ ಅರ್ಪಿತಾ ಬಂದಳು. ಕನ್ನಡಿಗ ಬ್ಯಾಂಕ್ ಅಧಿಕಾರಿಯೊಬ್ಬರ ಮಗಳು, ಬೆಳೆದದ್ದು ವಡೋದರಾದಲ್ಲಿ. ಕನ್ನಡ ಅರ್ಧಂಬರ್ಧ, ಉತ್ಸಾಹ ಒಂದೂವರೆ ಪಾಲು. ಟ್ರಾನ್ಸ್ ಜನರ ಹಕ್ಕಿಗಾಗಿ ಸೂರತ್‌ನಲ್ಲಿ ಮೆರವಣಿಗೆ ಹೊರಡಿಸುತ್ತಿದ್ದಳು.

"ಅಕ್ಕ, ಹೈಡ್ ಆಗಿ ಕೂತ್ರೆ ಯಾರು ರೈಟ್ಸ್ ಕೊಡ್ತಾರೆ?" ಎಂದು ದುಂಬಾಲು ಬಿದ್ದಳು.

"ನಾನೆಲ್ಲಿ ಅಡಗಿದ್ದೇನೆ ಮಾರಾಯ್ತಿ? ದಿನಾ ಓಣಿಗೆಲ್ಲ ಕೇಳುವ ಹಾಗೆ ಕಿರುಚ್ತೇನಲ್ಲ" ಎಂದರೂ ವಿಂಧ್ಯಾ ಕಡೆಗೆ ಒಪ್ಪಿದಳು. ಹೊಸ ಸೀರೆ ಉಡಲು ನೆಪ ಬೇಕಿತ್ತು ಎಂಬುದೂ ಸುಳ್ಳಲ್ಲ. ಮರುದಿನ ಪತ್ರಿಕೆಯಲ್ಲಿ ಫಲಕ ಹಿಡಿದ ಅವಳ ದೊಡ್ಡ ಫೋಟೋ.

ಹರಿಪ್ರಸಾದರಿಗೆ ಹೆಮ್ಮೆ ಉಕ್ಕಿತು. "ಎಂತ ಒಳಗೆ ಕೂತದ್ದು ನೀನು? ನಾಳೆಯಿಂದ ಗಲ್ಲಾಪೆಟ್ಟಿಗೆ ನೋಡ್ಕೋ" ಎಂದರು. ಗಿರಾಕಿಗಳು ಏನಂದಾರೋ ಎಂದು ವರ್ಷಗಟ್ಟಲೆ ಅವಳನ್ನು ಒಳಗೆ ಕೂರಿಸಿದವರು ಬೇರೆ ಯಾರೋ ಎಂಬಂತೆ! ವಿಂಧ್ಯಾ ಕುಣಿಯುತ್ತ ಮನೆಗೆ ಬಂದಳು.

ಬಂದರೆ, ಪತ್ರಿಕೆಯ ಫೋಟೋ ನೋಡಿದ್ದ ಜಸುಬೆನ್ ಮೊಮ್ಮಗನನ್ನು ಎತ್ತಿಕೊಂಡು ಬಾಗಿಲಲ್ಲೇ ಕಾಯುತ್ತಿದ್ದಳು. "ಮಗುವಿನ ತಲೆ ಮೇಲೆ ಕೈಯಿಟ್ಟು ಹರಸಿ" ಎಂದಳು. ಇಂಥವರ ಹಾರೈಕೆ ಫಲಿಸುತ್ತದೆ, ಶಾಪವೂ ತಟ್ಟುತ್ತದೆ ಎಂಬುದು ಅವಳ ನಂಬಿಕೆ. ಅಂದಿನಿಂದ ಎರಡೂ ಬಾಗಿಲಿನ ಕಸ ಅವಳೇ ಗುಡಿಸತೊಡಗಿದಳು. ವಿಂಧ್ಯಾ ಬೇಕೆಂದೇ ಕೆಣಕಿದರೂ "ನನ್ನದೇ ತಪ್ಪು" ಎಂದು ಕೈಮುಗಿದು ಒಳಗೆ ಹೋಗುತ್ತಿದ್ದಳು.

"ಎಷ್ಟು ರೆಸ್ಪೆಕ್ಟ್ ನೋಡಿ ಅಕ್ಕ!" ಎಂದಳು ಅರ್ಪಿತಾ ಫೋನಿನಲ್ಲಿ.

"ಹೆದರಿಕೆ ಅದು. ನಾನೆಂತ ಭೂತವಾ ದೈವವಾ, ಕೈ ಮುಗಿಲಿಕ್ಕೆ? ನಂಗೆ ನೆರೆಮನೆಯವಳು ಬೇಕು" ಎಂದ ವಿಂಧ್ಯಾಳಿಗೆ ಅಳುವೇ ಬಂತು. ಗಲ್ಲಾಪೆಟ್ಟಿಗೆ ಸಿಕ್ಕ ಸಂತೋಷ ನಿಜ, ಈ ಅಳುವೂ ನಿಜ. ಆ ಮೆರವಣಿಗೆಯನ್ನು ಹೊಗಳಬೇಕೋ ಬೈಯಬೇಕೋ ಅವಳಿಗೆ ಬಗೆಹರಿಯಲಿಲ್ಲ.

ಒಂದು ಭಾನುವಾರ ತಡೆಯಲಾಗದೆ ನೀರಿನ ಮೋಟಾರ್ ಹಾಕಿ, ಆರಿಸದೆ ಸುಮ್ಮನೆ ಮೆಟ್ಟಿಲ ಮೇಲೆ ಕೂತಳು. ಟ್ಯಾಂಕು ತುಂಬಿ ಉಕ್ಕಿ, ಕೆಳಗೆ ಮಂಚದ ಮೇಲೆ ಹರಡಿದ್ದ ಜಸುಬೆನ್‌ಳ ಹಪ್ಪಳಗಳ ಮೇಲೆ ನೀರು ಧೋ ಎಂದು ಸುರಿಯಿತು. ಜಸುಬೆನ್ ಓಡಿ ಬಂದಳು. ಹಪ್ಪಳ ನೋಡಿದಳು, ವಿಂಧ್ಯಾಳನ್ನು ನೋಡಿದಳು, ಕೈಮುಗಿಯಲು ಹೋದಳು. ಆದರೆ ಬೆಳಗಿನಿಂದ ಸೊಂಟ ಬೀಳುವಂತೆ ಲಟ್ಟಿಸಿದ ಹಪ್ಪಳ. ಕೈ ಅರ್ಧಕ್ಕೇ ನಿಂತಿತು.

"ಮೆರವಣಿಗೆಯಲ್ಲಿ ಊರಿಗೆಲ್ಲ ಬುದ್ಧಿ ಹೇಳ್ತೀಯ, ಒಂದು ಮೋಟಾರ್ ಆರಿಸೋಕೆ ಬರಲ್ವಾ ನಿನಗೆ? ಕಣ್ಣೇನು ಕುರುಡಾ?"

ವಿಂಧ್ಯಾ ಸೆರಗು ಸೊಂಟಕ್ಕೆ ಸಿಕ್ಕಿಸಿ ಎದ್ದು ನಿಂತಳು. "ಹಪ್ಪಳ ಹರಡೋಕೆ ನಿನಗೆ ಬೇರೆ ಜಾಗ ಸಿಗಲಿಲ್ವಾ?" ಎಂದು ಅವಳೂ ಶುರುಮಾಡಿದಳು. ಎಷ್ಟು ಕಷ್ಟಪಟ್ಟರೂ ಮುಖದಲ್ಲಿ ಮಾತ್ರ ಸಿಟ್ಟು ಬರಲೊಲ್ಲದು.