ಮಂಗಳ ಆದ್ಮೇಲೆ ನುಡಿಸಿದ ಹಾಡು

ಒಳ್ಳೊಳ್ಳೆ ರಾಕ್ ಬ್ಯಾಂಡುಗಳು ಯಾಕೆ ಮೇಲಕ್ಕೆ ಬರಲ್ಲ ಅಂತ ಈಗಿನ ಹುಡುಗ್ರು ಕೇಳ್ತಾರೆ. ಎಲ್ಲರದ್ದೂ ನಂಗೊತ್ತಿಲ್ಲ. ನಮ್ಮದು ಗೊತ್ತು.

ಅರವತ್ತರ ದಶಕ. ಇಪ್ಪತ್ತು ದಾಟಿದ್ಮೇಲೆ, ಅರ್ಧಕ್ಕೆ ಬಿಟ್ಟಿದ್ದ ಎಸ್ಸೆಲ್ಸಿ ಓದೋಕೆ ಮಾಗಡಿ ಕಡೆಯಿಂದ ಜಯನಗರಕ್ಕೆ ಬಂದೋನು ನಾನು. ಊರಲ್ಲಿ ತಮಟೆ ಹೊಡೆದ ಕೈ. ಬೆಂಚಿನ ಮೇಲೆ ತಾಳ ಹಾಕ್ತಿದ್ದಾಗ ಪಕ್ಕದ ಮನೆ ಗಿಟಾರ್ ಹುಡುಗ ಕೇಳಿಸ್ಕೊಂಡ. "ಗುರು, ನಮ್ ಡ್ರಮ್ಸಿಗೆ ನೀನೇ!" ಅಂದ. ಇನ್ನಿಬ್ಬರು ಸೇರಿ ನಾಲ್ಕು ಜನ. ಜರಗನಹಳ್ಳಿ ತೋಟದ ಪಂಪ್‌ಹೌಸಲ್ಲಿ ಕರೆಂಟಿತ್ತು, ಅಲ್ಲೇ ಪ್ರಾಕ್ಟೀಸು. ಹಳೇ ರೇಡಿಯೋ ಬಿಚ್ಚಿ ಆಂಪ್ಲಿಫೈಯರ್ ಮಾಡಿದ್ವಿ. ಗಿಟಾರ್ ಹುಡುಗ ತಂತಿ ಮೀಟಿದ್ರೆ ಹೊರಗೆ ಎಮ್ಮೆಗಳು ಹಗ್ಗ ಕಿತ್ಕೊಳ್ಳೋವು. ಏನ್ ಸದ್ದು ಅಂತೀರಿ!

ಅವನ ಅಪ್ಪ ಬ್ಯಾಂಕಲ್ಲಿದ್ರು. "ಗಣೇಶನ ಹಬ್ಬದೊಳಗೆ ಯಾರಾದ್ರೂ ನಿಮ್ಮ ರೆಕಾರ್ಡು ಮಾಡ್ತೀನಿ ಅಂದ್ರೆ ಸರಿ. ಇಲ್ದಿದ್ರೆ ಗಿಟಾರು ಅಟ್ಟಕ್ಕೆ, ನೀನು ಬ್ಯಾಂಕಿಗೆ" ಅಂತ ಗಡುವು ಕೊಟ್ಟಿದ್ರು.

ಅದೃಷ್ಟ ನೋಡಿ, ಮದ್ರಾಸಿನ ರೆಕಾರ್ಡ್ ಕಂಪನಿಯೋರೊಬ್ಬರು ನಮ್ಮ ಬ್ಲಾಕಿನ ಅಳಿಯ! ಹಬ್ಬಕ್ಕೆ ಬಂದೋರು, ಪೆಂಡಾಲಲ್ಲಿ ಕೇಳ್ತೀನಿ ಅಂದ್ರು.

"ಇಂಗ್ಲಿಷ್ ಹೊಡ್ಕೊಳ್ರಪ್ಪ, ದೇವರದ್ದೂ ಒಂದಿರ್ಲಿ" ಅಂದ್ರು ಪೆಂಡಾಲಿನ ಹಿರಿಯರು. ದೇವರದ್ದು ಅಂದ್ರೆ ನಮ್ಮ ನಾಲ್ವರಿಗೂ ಬರ್ತಿದ್ದಿದ್ದು ಮಂಗಳ ಒಂದೇ. ಅದಕ್ಕೆ ಡ್ರಮ್ಸ್ ಸೇರಿಸಿ ಸಖತ್ತಾಗಿ ಏರಿಸಿದ್ವಿ. ಅದಾದ್ಮೇಲೆ, ಕೊನೇಲಿ, ನಾವೇ ಕಟ್ಟಿದ ಹಾಡು. ಅದೇ ನಮ್ಮ ಬಾಂಬು.

ಆವತ್ತು ಸಂಜೆ ಬೇರೆಯವರ ಇಂಗ್ಲಿಷ್ ಹಾಡು ನಾಲ್ಕೈದು ಹೊಡೆದ್ವಿ. ಹುಡುಗ್ರು ಕಾಂಪೌಂಡ್ ಹತ್ತಿ ಕುಣಿದ್ರು. ಮಂಗಳಕ್ಕಂತೂ ಅಜ್ಜಿಯರೂ ತಲೆ ಆಡಿಸಿದ್ರು. ಮುಗೀತು ನೋಡಿ, ಇಡೀ ಪೆಂಡಾಲು ಎದ್ದು ನಿಂತು ಕೈ ಮುಗೀತು! ನಾವು ಗೆದ್ವಿ ಅಂತ ಹಲ್ಲು ಕಿರಿದ್ವಿ. ಆಮೇಲೆ ನೋಡಿದ್ರೆ ಎಲ್ಲರೂ ಚಪ್ಪಲಿ ಹುಡುಕ್ತಿದಾರೆ.

"ಇನ್ನೂ ಇದೆ ಸಾರ್! ಕೂತ್ಕೊಳ್ಳಿ ಸಾರ್!" ಅಂತ ಗಿಟಾರ್ ಹುಡುಗ ಮೈಕಲ್ಲಿ ಕೂಗ್ದ.

"ಮಂಗಳ ಹಾಡ್ಬಿಟ್ಟು ಇನ್ನೇನೋ ನಿಂದು?" ಅಂದ್ರು ಹಿರಿಯರೊಬ್ರು, ಕೋಸಂಬರಿ ಸಾಲಿಗೆ ಹೋಗ್ತಾ.

ಮದ್ರಾಸಿನೋರು ಕಾರಿನ ಹತ್ರ ಇದ್ರು. ಓಡಿದ್ವಿ. "ಕೈ ಚೆನ್ನಾಗಿದೆ. ಆದ್ರೆ ನಿಮ್ಮದು ಅಂತ ಒಂದೂ ಇಲ್ವಲ್ಲ" ಅಂದ್ರು.

"ಇದೆ ಸಾರ್, ಈಗ ಅದೇ..."

"ಮಂಗಳ ಆಯ್ತಲ್ಲ, ಬನ್ನಿ, ಊಟ ಆರೋಗತ್ತೆ" ಅಂತ ಅವರ ಮಾವ ಬಾಗ್ಲು ಹಾಕಿದ್ರು. ಕಾರು ಹೊರಡ್ತು.

ಗಿಟಾರ್ ಹುಡುಗ ಸ್ಟೇಜಿಗೆ ವಾಪಸ್ ಹತ್ತಿ, "ಹೊಡಿಯೋ!" ಅಂದ. ಹೊಡೆದೆ. ಅಷ್ಟು ಚೆನ್ನಾಗಿ ನಾವು ಯಾವತ್ತೂ ನುಡಿಸಿರ್ಲಿಲ್ಲ. ಪೆಂಡಾಲಿನ ಬಟ್ಟೆ ಅದುರ್ತಿತ್ತು! ಮುಗಿದಾಗ ಕೆಳಗೆ ಅವನ ಅಪ್ಪ ನಿಂತಿದ್ರು, ಕೈಯಲ್ಲಿ ಕೋಸಂಬರಿ ದೊನ್ನೆ.

"ದಡ್ಡ ಮುಂಡೇದೇ, ಇದನ್ನ ಮೊದ್ಲು ಹೊಡೆಯೋದಲ್ವೇನೋ!"

ದೊನ್ನೆ ನನ್ ಕೈಗೆ ತುರುಕಿ, ಪಂಚೆ ಎತ್ಕಟ್ಟಿ, ಕಾರು ಹೋದ ಕಡೆ ಓಡಿದ್ರು ಆ ಮನುಷ್ಯ! "ಸಾರ್, ನಿಲ್ಲಿ ಸಾರ್!" ಅಂತ ಕೂಗೋದು ಸೌತ್ ಎಂಡ್ ದಿಕ್ಕಿಂದ ಕೇಳಿಸ್ತಿತ್ತು.

ಏದುಸಿರು ಬಿಡ್ತಾ ವಾಪಸ್ ಬಂದ್ರು. "ಸಿಗ್ಲಿಲ್ಲ" ಅಂದ್ರು. ಮುಂದಿನ ಸಾಲಲ್ಲಿ ಕುರ್ಚಿ ಬಿಡಿಸ್ಕೊಂಡು ಕೂತ್ರು.

"ಇನ್ನೊಂದ್ಸಲ ಹೊಡೀರೋ. ಬ್ಯಾಂಕು ಸೋಮವಾರ ತಾನೇ."