ಸೌಂಡು ಇಳಿಸುವ ಷಡಕ್ಷರಿ

ಗೋಣಿಬೀಡಿನ ಷಡಕ್ಷರಿಗೆ ಮೈಕ್ ಸೆಟ್ ಬಾಡಿಗೆಗೆ ಕೊಡುವುದು ಕಸುಬು, ಊರಿನ ಮಾನ ಕಾಯುವುದು ಚಟ. ಮದುವೆಯಿರಲಿ, ಗಣಪತಿಯಿರಲಿ, ಹಾಡಿನಲ್ಲಿ 'ಕೆಟ್ಟ' ಸಾಲು ಬರುವ ಹೊತ್ತಿಗೆ ಸರಿಯಾಗಿ ಸೌಂಡು ಇಳಿಸಿ, ಅದು ದಾಟಿದ ಮೇಲೆ ಏರಿಸುತ್ತಾನೆ. ಕ್ಯಾಸೆಟ್ಟಿನ ಕಾಲದಲ್ಲಿ ಮುತ್ತು ಕೊಡುವ ಸಾಲುಗಳು ಹೋದವು. ಸಿ.ಡಿ. ಬಂದಾಗ ಹೆಂಡದ ಸಾಲುಗಳು. ಈಗ ಮೊಬೈಲಿನಿಂದ ಹಾಡು ಹಾಕುತ್ತಾನೆ, ಕೈ ಮಾತ್ರ ಇನ್ನೂ ವಾಲ್ಯೂಮಿನ ಮೇಲೇ ಇದೆ.

ಮಾನವಂತೆ ಮಾನ! ಇವನದು ಮುಖ ನೋಡಿ ಮಣೆ ಹಾಕುವ ಮಾನ. ಪ್ಲಾಂಟರುಗಳು ಕುಡಿದು ಕುಣಿಯುವ ಮದುವೆಯಲ್ಲಿ ಎಂಥ ಹೊಲಸು ಹಾಡೂ ಪೂರ್ತಿ ಕೇಳಿಸುತ್ತದೆ. ತೋಟದ ಆಳುಗಳಿರುವ ಕೂಲಿ ಲೈನಿನವರ ಮದುವೆಯಲ್ಲಿ ಅದೇ ಹಾಡಿಗೆ ಗಂಟಲು ಕಟ್ಟುತ್ತದೆ. ಇಂಥವನನ್ನು ಊರು ಸಂಸ್ಕಾರವಂತ ಅನ್ನುತ್ತದೆ. ನನಗಂತೂ ಅವನನ್ನು ಕಂಡರೆ ಮೈ ಉರಿಯುತ್ತದೆ.

ಕಳೆದ ರಾಜ್ಯೋತ್ಸವಕ್ಕೆ ಪ್ಲಾಂಟರ್ ಶಶಿಧರ್ ಅವರ ಕಾಫಿ ಎಸ್ಟೇಟಿನಲ್ಲಿ ಕೆಲಸ ಮಾಡುವ ಕಲ್ಲಮ್ಮ, ಸಿನಿಮಾ ಧಾಟಿಗೆ ತಾನೇ ಕಟ್ಟಿದ ಹಾಡು ಹಾಡಿದಳು. ಮಳೆಗಾಲದಲ್ಲಿ ತೋಟದ ಹೆಂಗಸರಿಗೆ ರೇನ್‌ಕೋಟು ಕೊಡಿಸಿ ಎಂದು ಲೆಕ್ಕ ಬರೆಯುವ ರೈಟರ ಹತ್ತಿರ ಕೇಳಿ ಕೇಳಿ ಅವಳಿಗೆ ಸಾಕಾಗಿತ್ತು. ಮಾತು ಧಣಿಯವರೆಗೆ ಹೋಗಲೇ ಇಲ್ಲ. ಹಾಡಿನಲ್ಲಾದರೂ ಅವರ ಕಿವಿಗೆ ಬೀಳಲಿ ಎಂದು ಎರಡು ಸಾಲು ಸೇರಿಸಿದ್ದಳು. ರಿಹರ್ಸಲ್ಲಿನಲ್ಲೇ ಷಡಕ್ಷರಿ ಅವನ್ನು ಗುರುತು ಮಾಡಿಕೊಂಡಿದ್ದ.

ಮುಂದಿನ ಕುರ್ಚಿಯಲ್ಲಿ ಶಶಿಧರ್ ಮೊಬೈಲಿನೊಳಗೆ ಮುಳುಗಿದ್ದರು. ಆ ಸಾಲುಗಳು ಬಂದವು, ಮೈಕು ಸತ್ತಿತು. ಮ್ಯೂಸಿಕ್ ಇತ್ತು, ದನಿಯಿಲ್ಲ. ಕಲ್ಲಮ್ಮನ ಬಾಯಿ ಮಾತ್ರ ಆಡುತ್ತಿತ್ತು. ಹಿಂದೆ ಕೂತ ಎಸ್ಟೇಟಿನ ಹೆಂಗಸರಿಗೆ ಆ ಸಾಲು ಬಾಯಿಪಾಠ, ಎಲ್ಲರೂ ಗೊಳ್ಳೆಂದು ನಕ್ಕರು. ಮೈಕು ನೆಟ್ಟಗಿದ್ದಿದ್ದರೆ ಶಶಿಧರ್ ತಲೆ ಎತ್ತುತ್ತಲೇ ಇರಲಿಲ್ಲ. ಈಗ ಎತ್ತಿದರು, ಪಕ್ಕದಲ್ಲೇ ಇದ್ದ ಷಡಕ್ಷರಿಯನ್ನು ಕರೆದರು.

"ಏನಂದ್ಲು ಅವ್ಳು?"

"ಏನಿಲ್ಲ ಧಣಿ, ಮೈಕು ಸ್ವಲ್ಪ ಕೈ ಕೊಡ್ತು."

"ಜನ ನಗ್ತಿದಾರೆ, ನೀನು ಬೆವರ್ತಿದೀಯ. ಅದೇನು ಹೇಳು ಮಾರಾಯ."

ಧಣಿಯ ಮಾತು ಮೀರುವ ಧೈರ್ಯ ಅವನ ಜನ್ಮದಲ್ಲಿಲ್ಲ. ಮೂವತ್ತು ವರ್ಷ ಬೇರೆಯವರ ಬಾಯಿ ಮುಚ್ಚಿಸಿದ ಗಂಡು ಕೈಕಟ್ಟಿ ನಿಂತು, ನೆಲ ನೋಡುತ್ತ, ತನ್ನ ಬಾಯಿಂದಲೇ ಗೊಣಗಿದ:

"ಧಣಿ ಮನೆ ನಾಯಿಗೆ ಕೆಂಪು ಕೋಟು... ತೋಟದ ಹೆಣ್ಣಿಗೆ ಗೊಬ್ಬರದ ಚೀಲ..."

ಸ್ಟೇಜಿನ ಮೇಲಿಂದ ಕಲ್ಲಮ್ಮ ಕೂಗಿದಳು:

"ಷಡಕ್ಷರಣ್ಣ, ಹಿಂದೆ ಕೂತೋರಿಗೆ ಕೇಳ್ತಿಲ್ವಂತೆ. ಸ್ವಲ್ಪ ಸೌಂಡ್ ಕೊಡಿ!"